ಛತ್ರಿ ಚಿತ್ರದ ಮೊಳೆ

ಭಾನುವಾರ, ಮಾರ್ಚ್ ೯

ನನ್ನ ಮುದ್ದು ಅಕ್ಕಾ,

ಇವರಿಗೆ ಮೊದಲ ಬಹುಮಾನ ಬಂತು ಕಣೇ! ಸಾವಿರದ ಇನ್ನೂರು ಫೋಟೋಗಳಲ್ಲಿ ನಮ್ಮವರದ್ದೇ ಮೊದಲು!

ಮದುವೆಯಾಗಿ ಎರಡು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲವೆಂದು ಬೈಯಬೇಡ. ನೀನು ಫೋನ್ ಮುಟ್ಟುವುದಿಲ್ಲ, ನನಗೆ ಕನ್ನಡ ಬರೆಯಲು ಕೂತರೆ ಕೈ ಬೆವರುತ್ತದೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ತಪ್ಪು ನಿನ್ನದೇ. ನನ್ನ ಇಂಗ್ಲಿಷ್ ಸ್ಕೂಲಿನವರು ಕಲಿಸದ್ದನ್ನು ಕಲಿಸಿದವಳು ನೀನು ತಾನೇ?

ಇವರ ಹುಚ್ಚು ನಿನಗೆ ಗೊತ್ತಲ್ಲ. ಬೀಗ ಬಿದ್ದ ಮಿಲ್ಲು, ರೈಲು ನಿಲ್ಲದ ಸ್ಟೇಷನ್ನು, ಎಲ್ಲಿ ಹಲ್ಲಿಗಳು ಮಾತ್ರ ಸಂಸಾರ ಮಾಡುತ್ತವೋ ಅಲ್ಲಿ ಇವರ ಕ್ಯಾಮೆರಾ. ಹನಿಮೂನಿಗೂ ಪಾಳುಬಿದ್ದ ಐಸ್ ಫ್ಯಾಕ್ಟರಿಗೆ ಕರೆದುಕೊಂಡು ಹೋದರು ಎಂದರೆ ನೋಡು! ಅಲ್ಲಿನ ಯಾವುದನ್ನೂ ಮುಟ್ಟುವಂತಿಲ್ಲ, ಧೂಳನ್ನೂ ಊದುವಂತಿಲ್ಲ. ಅದು ಇವರ ನಿಯಮ.

ಈಗ ಗುಟ್ಟು ಹೇಳುತ್ತೇನೆ. ಬಹುಮಾನ ಬಂದದ್ದು ಬೀಗ ಬಿದ್ದ ನಿನ್ನ ಶಿಶುವಿಹಾರದ ಫೋಟೋಗೆ! ಕಳೆದ ತಿಂಗಳು ಬಂದಿದ್ದೆವಲ್ಲ, ನೀನು ಸ್ನಾನಕ್ಕೆ ಹೋದಾಗ ಬೀಗದ ಕೈ ತೆಗೆದುಕೊಂಡೆ. ಅವತ್ತೇ ವಾಪಸ್ ಇಟ್ಟೆ, ನಿನ್ನಾಣೆ. ಒಳಗೆ ಎಲ್ಲ ಹಾಗೇ ಇದೆ. ಓದಲು ಬಾರದ ಮಕ್ಕಳಿಗೆಂದು ನೀನು ಬ್ಯಾಗು ಸಿಕ್ಕಿಸುವ ಒಂದೊಂದು ಮೊಳೆಯ ಮೇಲೂ ಬರೆದ ಗಿಳಿ, ದೋಣಿ, ಛತ್ರಿ ಯಾವುದೂ ಮಾಸಿಲ್ಲ. ಮೊಳೆಗಳೆಲ್ಲ ಖಾಲಿಯಾದರೆ ಮಕ್ಕಳೆಲ್ಲ ಮನೆ ಸೇರಿದ ಹಾಗೆ ಎನ್ನುತ್ತಿದ್ದೆಯಲ್ಲ?

ಆದರೆ ಖಾಲಿ ಗೋಡೆಯ ಫೋಟೋದಲ್ಲಿ ಏನಿರುತ್ತದೆ ಹೇಳು? ಆ ಮಗು ಹೋದ ಮೇಲೆ ತಾಯಿ ವಾಪಸ್ ಒಯ್ಯದ ನೀಲಿ ಬ್ಯಾಗು ನಿನ್ನ ಬೀರುವಿನಲ್ಲಿತ್ತು. ಇವರು ಒಳಗೆ ಬರುವ ಮೊದಲೇ ಅದನ್ನು ಅದರದೇ ಛತ್ರಿಯ ಮೊಳೆಗೆ ನೇತುಹಾಕಿದೆ. ಇವರು ಬಂದವರೇ ಕ್ಯಾಮೆರಾ ಎತ್ತಿದರು. "ಏಳು ವರ್ಷ ಇಲ್ಲೇ ಕಾಯ್ತಾ ಇತ್ತಾ ಇದು?" ಅಂದರು. ನಾನು ಹೂಂ ಅಂದೆ. ನೀನೂ ಬಾಯಿ ಬಿಡಬೇಡ.

ಫೋಟೋದ ಕೆಳಗೆ ಇವರೇ ಎರಡು ಸಾಲು ಬರೆದಿದ್ದಾರೆ: "ಟೀಚರ್ ಪ್ರಿಯಕರನ ಜೊತೆ ಫೋನಿನಲ್ಲಿದ್ದರು. ಹಿತ್ತಲಿನ ನೀರಿನ ತೊಟ್ಟಿಯ ಮುಚ್ಚಳ ತೆರೆದಿತ್ತು." ಊರೆಲ್ಲ ಆಡಿದ ಮಾತೇ ಅಲ್ಲವಾ? ನಿಶ್ಚಯವಾಗಿದ್ದ ನಿನ್ನ ಮದುವೆ ಮುರಿದದ್ದೂ ಅದರಿಂದಲೇ. ಹೆಸರು ಹಾಕಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಪೇಪರಿನಲ್ಲಿ ನೋಡಿ ಮಗುವಿನ ತಾಯಿ ಫೋನ್ ಮಾಡಿದ್ದರು. ಅಳಲಿಲ್ಲ, ಕೂಗಾಡಲಿಲ್ಲ. "ಟೀಚರನ್ನ ಒಂದ್ಸಲ ಎದುರಿಗೆ ಕೂರಿಸಿಕೊಂಡು ಕೇಳಬೇಕಮ್ಮಾ, ಫೋನಲ್ಲಿದ್ದದ್ದು ಯಾರು ಅಂತ. ಅದೊಂದು ಗೊತ್ತಾದರೆ ಸಾಕು," ಅಂದರು. ಇವರು ಕುಣಿದಾಡಿಬಿಟ್ಟರು! "ಪ್ರದರ್ಶನದ ಸಂಜೆ ಇಬ್ಬರೂ ಆ ಫೋಟೋ ಮುಂದೆ ನಿಂತರೆ? ನಿಮ್ಮಕ್ಕನ್ನ ಒಪ್ಪಿಸೋದು ನಿನ್ನ ಜವಾಬ್ದಾರಿ," ಅಂದರು. "ನನ್ನ ಮಾತು ಅಕ್ಕ ಯಾವತ್ತು ತೆಗೆದುಹಾಕಿದ್ದಾಳೆ?" ಅಂದೆ. ಅದಕ್ಕೇ ನಿನ್ನನ್ನು ಕರೆದೊಯ್ಯಲು ನಾನೇ ಬರುತ್ತಿದ್ದೇನೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಮ್ಮಿಬ್ಬರ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ.

ನಿನ್ನ ಸೆರಗು ಬಿಡದ
ಬಾಲ

ಮರೆತಿದ್ದೆ: ಆಕೆ ಕೇಳಿದರೆ ಯಾವುದಾದರೂ ಗಂಡಸಿನ ಹೆಸರು ಹೇಳಿಬಿಡು. ಅವತ್ತು ಕಾಲೇಜಿನ ಸಮಾರಂಭಕ್ಕೆ ನೇರಳೆ ಸೀರೆಯೋ ಹಸಿರೋ ಎಂದು ಹಾಸ್ಟೆಲಿನಿಂದ ಫೋನಿನಲ್ಲಿ ಪ್ರಾಣ ತಿಂದವಳು, "ಇರೇ, ಮಕ್ಕಳನ್ನ ನೋಡಿ ಬರ್ತೀನಿ" ಎಂದ ನಿನ್ನನ್ನು "ಇನ್ನೊಂದೇ ನಿಮಿಷ ಅಕ್ಕಾ" ಎಂದು ಎರಡು ಸಲ ತಡೆದವಳು ನಾನು ಎಂದು ಇವರಿಗೆ ಗೊತ್ತಾದರೆ ನನ್ನ ಸಂಸಾರದ ಗತಿ ಏನು? ಏಳು ವರ್ಷ ನುಂಗಿಕೊಂಡಿದ್ದೀಯ, ಇನ್ನೊಂದೇ ಸಂಜೆ. ಆ ನೇರಳೆ ಸೀರೆ ತರುತ್ತೇನೆ, ಪ್ರದರ್ಶನಕ್ಕೆ ನೀನೇ ಉಟ್ಟುಕೋ. ಶುಕ್ರವಾರ ಬೆಳಿಗ್ಗೆ ಏಳೂವರೆಯ ಪ್ಯಾಸೆಂಜರಿಗೆ ಇಳಿಯುತ್ತೇನೆ.