ಬಾಗಿಲ ಮುಂದಿನ ಚಪ್ಪಲಿ

ಶಹಾಬಾದ್, ಸೋಮವಾರ

ಅಕ್ಕಾ,

ನಮ್ಮ ಅಡುಗೆಮನೆಗೆ ಹಾಸಿರುವ ಬೂದು ಕಲ್ಲು ಈ ಊರಿನದೇ. ಇಲ್ಲಿ ಅದೇ ಗೋಡೆ, ಅದೇ ಚಾವಣಿ, ಎಮ್ಮೆ ನೀರು ಕುಡಿಯುವ ತೊಟ್ಟಿಯೂ ಅದೇ. ಇವತ್ತು ಒಂದು ಮನೆ ಕಣ್ಣಿಗೆ ಬಿತ್ತು. ಬರೀ ಕಲ್ಲಿನ ಗೋಡೆ, ನಡುವೆ ನೀಲಿ ಬಾಗಿಲು. ನನ್ನ ಫೋಟೋಗಳಲ್ಲಿ ಮನುಷ್ಯರಿರುವುದಿಲ್ಲವಲ್ಲ, ಹೊಸ್ತಿಲ ಮುಂದಿದ್ದ ಚಪ್ಪಲಿಯನ್ನೂ ಬದಿಗೆ ಸರಿಸಿ ಕ್ಯಾಮೆರಾ ಎತ್ತಿದೆ. ಮನೆಯೊಡತಿ ಮರೆಮ್ಮ ಹೊರಗೆ ಬಂದರು.

"ಹಂಗ ತಗೀಬ್ಯಾಡ್ರಿ. ನೋಡ್ದವ್ರು ಮನಿ ಮಾರಾಕ ಇಟ್ಟಾರ ಅಂತಾರ."

ಹಾಗಾದರೆ ನೀವೇ ನಿಲ್ಲಿ ಎಂದೆ.

"ನಾ ಯಾಕ್ರಿ? ಚಪ್ಪಲ್ ಇದ್ರ ಸಾಕು. ಒಳಗ ಮಂದಿ ಅದಾರ ಅಂತ ತಿಳೀತದ."

ಚಪ್ಪಲಿಯನ್ನು ಮೊದಲಿದ್ದಲ್ಲೇ ಇಟ್ಟು ಒಳಗೆ ಹೋದರು. ಹಾಗೇ ತೆಗೆದೆ. ಇಪ್ಪತ್ತು ವರ್ಷ ಗೋಡೆಗಳ ಫೋಟೋಗಳನ್ನೇ ತೆಗೆದ ನನಗೆ ಇದು ಹೊಳೆದಿರಲಿಲ್ಲ.

ಬಿಸಿಲಿಗೆ ತುಟಿ ಒಡೆದಿದೆ, ನೀನು ಕಟ್ಟಿಕೊಟ್ಟ ತುಪ್ಪ ಹಚ್ಚುತ್ತಿದ್ದೇನೆ. ಬೇರೇನೂ ತೊಂದರೆಯಿಲ್ಲ.

ಹಜಾರದಲ್ಲಿರುವ ನಮ್ಮ ಮನೆಯ ಫೋಟೋ ಇಳಿಸಿಬಿಡು. ಅದನ್ನು ಮೊದಲು ನೋಡಿದಾಗ ನೀನು "ಇದರಲ್ಲಿ ನಾನೆಲ್ಲಿ?" ಎಂದು ಕೇಳಿದ್ದೆ. ನಾನು ನಕ್ಕಿದ್ದೆ. ಅದನ್ನು ತೆಗೆಯುವ ಮುಂಚೆ ನಿನ್ನ ಚಪ್ಪಲಿಯನ್ನು ಮೂಲೆಗೆ ಒದ್ದವಳು ನಾನೇ.

ಚಿತ್ತಾಪುರದ ಬಸ್ಸು ಬಂತು. ಊರಿಗೆ ಬಂದು ಇನ್ನೊಂದು ತೆಗೆಯುತ್ತೇನೆ, ಬಾಗಿಲು ಗುಡಿಸುವಾಗ ಚಪ್ಪಲಿ ಎತ್ತಿಡಬೇಡ.

ವಾರಿಜ