ಮುಳ್ಳು ಇಳಿದಾಗ

ಗುರುವಾರ, ಮಧ್ಯಾಹ್ನ

ಮಗಳೇ,

ನೀನೂ ಮಗುವೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಹಾಲಿನ ವ್ಯಾನಿನವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ಭಾನುವಾರಕ್ಕೆಂದು ಬಟ್ಟೆ ಜೋಡಿಸಬೇಡ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಕಾಗದ. ಅಕ್ಷರ ಸೊಟ್ಟಗಿದ್ದರೆ ಪೆನ್ನನ್ನು ಬೈದುಕೋ.

ಭಾನುವಾರ ಮೂವರೂ ಕಾರಿನಲ್ಲಿ ಬೆಟ್ಟ ದಾಟಿ ನನ್ನನ್ನು ನೋಡಲು ಬರುತ್ತೀರಂತೆ. ನಿನ್ನೆ ನಿನ್ನ ಗಂಡ ಫೋನ್ ಮಾಡಿದ್ದ. "ಎಲ್ಲ ಸರಿಹೋಯ್ತು ಅತ್ತೆ, ಕಾರಿನ ಪೈಪ್ ಬದಲಾಯಿಸ್ದೆ. ಹೀಟರ್ ಒಂದು ತಣ್ಣಗೇ ಊದುತ್ತೆ, ಬೇಸಿಗೇಲಿ ನೋಡ್ಕೊಂಡ್ರಾಯ್ತು" ಎಂದ. ಬೇಸಿಗೆಯಲ್ಲಿ ಹೀಟರ್ ರಿಪೇರಿ ಮಾಡಿಸುವ ಜಾಣನಿಗೆ ನಿನ್ನನ್ನು ಕೊಟ್ಟವಳು ನಾನೇ, ಇನ್ನು ಯಾರನ್ನು ದೂರಲಿ?

ಹೋದ ವಾರ ನನ್ನನ್ನು ಮನೆಗೆ ಬಿಡಲು ಬಂದಾಗ ದಾರಿಯಲ್ಲಿ ಆದದ್ದನ್ನು ಅವನು ನಿನಗೆ ಹೇಳಿರುವುದಿಲ್ಲ. ಬೆಟ್ಟ ಹತ್ತುವಾಗ ನನ್ನ ಕಾಲು ಮರಗಟ್ಟಿತು. ಹೀಟರ್ ಹಾಕಪ್ಪ ಎಂದೆ. "ಹಾಕಿದೀನಿ ಅತ್ತೆ, ಫುಲ್ ಇಟ್ಟಿದೀನಿ" ಎಂದ. ಬಂದದ್ದು ಐಸಿನಂಥ ಗಾಳಿ. ಇದು ಹೀಟರೋ ಫ್ರಿಜ್ಜೋ ಎಂದು ರೇಗಿದೆ. ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು, ಜಿಡ್ಡು ಜಿಡ್ಡು, ಒರೆಸಿದರೂ ಹೋಗದು. ಏನೋ ಸಿಹಿ ವಾಸನೆ. ಕಾಲಡಿಯ ಮ್ಯಾಟು ಒದ್ದೆ. ಅವನ ಕಣ್ಣು ರಸ್ತೆಯ ಮೇಲಿರಲಿಲ್ಲ. ಬಗ್ಗಿ ನೋಡಿದೆ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ನನಗೆ ಹೆದರಿ ಬಾಯಿ ಬಿಟ್ಟಿರಲಿಲ್ಲ, ಮಹಾರಾಯ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ನಿಲ್ಲಿಸು ಎನ್ನುವಷ್ಟರಲ್ಲಿ "ಇಳೀತು ಅತ್ತೆ, ಮುಳ್ಳು ಇಳೀತು!" ಎಂದು ಕೂಗಿದ. ನನಗೂ ಹೋದ ಜೀವ ಬಂದಂತಾಯಿತು. ಮುಂದಿನ ತಿರುವಿಗೆ ಬಾನೆಟ್ಟಿನಿಂದ ಬಿಳಿ ಆವಿ ಎದ್ದು ರಸ್ತೆಯೇ ಕಾಣದಾಯಿತು.

ಹೇಗೋ ನಿಲ್ಲಿಸಿದ. ನಿಲ್ಲಿಸಿದವನೇ ಟವೆಲ್ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸತೊಡಗಿದ. "ಪ್ರೆಶರ್ ಇಳಿಯೋ ಮೊದ್ಲೇ ಕುಕ್ಕರ್ ಮುಚ್ಚಳ ತೆಗೀತಾರೇನೋ!" ಎಂದು ಕಿರುಚಿ ಅವನನ್ನು ಹಿಂದಕ್ಕೆ ನೂಕಿದೆ. ಕುದಿಯುವ ನೀರು ಆಳೆತ್ತರ ಚಿಮ್ಮಿತು. ಅವನ ಮುಖ ಉಳಿಯಿತು. ಆಮೇಲೆ ಇಂಜಿನ್ ತಣಿಯುವ ತನಕ ಕಾದು, ನೀರು ತುಂಬಿ, ತೆವಳುತ್ತಾ ಮನೆ ಸೇರಿದೆವು.

ಟ್ಯಾಕ್ಸಿ ಓಡಿಸುವ ಪಕ್ಕದ ಮನೆಯವರನ್ನು ವಿಚಾರಿಸಿದೆ. ಹೀಟರಿಗೆ ಬೇರೆ ಒಲೆಯಿಲ್ಲವಂತೆ, ಇಂಜಿನ್ನಿನ ಬಿಸಿನೀರೇ ಅದರೊಳಗೆ ಹರಿಯಬೇಕು. ಇಂಜಿನ್ ಕಾದರೂ ಅದು ತಣ್ಣಗೆ ಊದಿದರೆ ನೀರು ಕಡಿಮೆಯಾಗಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಮ್ಯಾಟು ಒದ್ದೆಯಾಗಿ, ನೀರಿಗೆ ಬೆರೆಸಿದ ಕೂಲಂಟಿನ ಸಿಹಿ ವಾಸನೆ ಬಂದರೆ ಹೀಟರೇ ಸೋರುತ್ತಿದೆ. ನೀರು ತೀರಾ ಇಳಿದು ಬಿಸಿ ಅಳೆಯುವ ಜಾಗಕ್ಕೆ ಮುಟ್ಟದಿದ್ದರೆ, ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ಇಳಿದುಬಿಡಬಹುದಂತೆ. ನಾವು ಸಂತೋಷಪಟ್ಟದ್ದು ಅದಕ್ಕೆ.

ಹೀಟರ್ ಬಿಸಿ ಊದುವ ತನಕ, ಮ್ಯಾಟು ಒಣಗುವ ತನಕ ಮಗುವನ್ನು ಆ ಕಾರು ಹತ್ತಿಸಬೇಡ. ಬಸ್ಸಿನಲ್ಲಿ ಬನ್ನಿ. ಬರದಿದ್ದರೂ ಪರವಾಗಿಲ್ಲ. ನಾನು ಹೆದರುವವಳಲ್ಲ, ನಿನಗೆ ಗೊತ್ತು. ನಿದ್ದೆ ಬರುತ್ತಿಲ್ಲ, ಅಷ್ಟೆ.

ನಿನ್ನ ಅಮ್ಮ

ಇನ್ನೊಂದು ಮಾತು. ಪೆನ್ನಿನದೇನೂ ತಪ್ಪಿಲ್ಲ. ಎಡಗೈಯಲ್ಲಿ ಬರೆದಿದ್ದೇನೆ, ಬಲಗೈಗೆ ಮೊಣಕೈ ತನಕ ಬ್ಯಾಂಡೇಜು. ನಿನಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡವಳು ನಾನು, ಅವನನ್ನು ಬೈಯಬೇಡ. ಸುಟ್ಟ ಗಾಯ ಮಾಯುತ್ತದೆ. ಆದರೆ ನಿನ್ನೆ ಫೋನಿನಲ್ಲಿ "ಸರಿಹೋಯ್ತು ಅತ್ತೆ" ಎಂದನಲ್ಲ, ಆ ದನಿಯ ಗುರುತು ನನಗಿದೆ. ಅವತ್ತು "ಮುಳ್ಳು ಇಳೀತು" ಎಂದದ್ದೂ ಅದೇ ದನಿಯಲ್ಲಿ.