ತವರಿಲ್ಲದ ನೆರಿಗೆ

ಗೋಕುಲಂ, ಮೈಸೂರು
೧೨ ಮಾರ್ಚ್ ೨೦೨೫, ಬುಧವಾರ

ನನ್ನ ಮುದ್ದಿನ ಲಹರಿಗೆ ತಾತನ ಆಶೀರ್ವಾದಗಳು.

ಹೇಗಿದ್ದೀಯ ಪುಟ್ಟಿ? ಕಣ್ಣುರಿ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಆ ಪುಣೆಯ ವಡಾಪಾವಿನಲ್ಲೇ ದಿನ ದೂಡುತ್ತಿದ್ದೀಯೋ? ನಿಮ್ಮಜ್ಜಿ ಚಟ್ನಿಪುಡಿ ಮಾಡಿಕೊಟ್ಟಿದ್ದಾಳೆ, ಇದೇ ಪಾರ್ಸೆಲ್ಲಿನಲ್ಲಿದೆ. ಜೊತೆಗಿರುವ ಬಟ್ಟೆಗೆ ಎಣ್ಣೆ ತಾಗದಿರಲೆಂದು ನಾಲ್ಕು ಕವರಿನಲ್ಲಿ ಸುತ್ತಿದ್ದೇನೆ, ಬಿಚ್ಚುವಾಗ ಬೈಯಬೇಡ. ನನ್ನ ಮಂಡಿನೋವು ಎಂದಿನಂತಿದೆ. ಅಜ್ಜಿಯ ಬಿ.ಪಿ. ನನ್ನದಕ್ಕಿಂತ ಚೆನ್ನಾಗಿದೆ, ಅದನ್ನು ಅವಳು ದಿನಕ್ಕೆರಡು ಸಲ ನನಗೆ ನೆನಪಿಸುತ್ತಾಳೆ. ಫೋನಿರುವಾಗ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಅಳುತ್ತೀಯ, ಅಜ್ಜಿ ನನ್ನ ಕೈಯಿಂದ ಫೋನು ಕಿತ್ತುಕೊಳ್ಳುತ್ತಾಳೆ. ಕಾಗದದಲ್ಲಾದರೆ ನನ್ನ ಮಾತು ಕೊನೆಮುಟ್ಟುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ನೀನು ಹೇಳಿದ್ದನ್ನು ಕೇಳಿ ನನಗೆ ಅನ್ನ ಸೇರಲಿಲ್ಲ. (ಅಜ್ಜಿ ಇದನ್ನು ಓದಿದರೆ ನಗುತ್ತಾಳೆ, ಸೋಮವಾರ ಆರು ದೋಸೆ ತಿಂದದ್ದು ಅವಳಿಗೆ ಗೊತ್ತು.) ನಾಲ್ಕು ವರ್ಷ ಫ್ಯಾಷನ್ ಕಾಲೇಜಿನಲ್ಲಿ ಓದಿ, ಇಪ್ಪತ್ತನಾಲ್ಕನೇ ತಾರೀಕು ಕೊನೆಯ ಪರೀಕ್ಷೆಗೆ ಗೌನ್ ಮಾಡಿ ತೋರಿಸಬೇಕಾದ ಹುಡುಗಿ, ತಾನೇ ಬರೆದ ಗೌನನ್ನು ಕೈಬಿಡುತ್ತಾಳಂತೆ! ಯಾಕೆಂದರೆ ಅವರ ಮೇಡಂ ಅದನ್ನು ನೋಡಿ, ಕಾಗದದ ಮೇಲೆ ಚೆನ್ನಾಗಿದೆ, ಆದರೆ ಬಟ್ಟೆ ಹೀಗೆ ಬೀಳುವುದಿಲ್ಲ ಅಂದರಂತೆ. ಅದಕ್ಕೇ ಸಿದ್ಧ ಗೌನುಗಳನ್ನು ತಂದು ಅವುಗಳ ಮೇಲೆ ಮೈಸೂರು ಶೈಲಿಯ ಲಕ್ಷ್ಮಿ, ಸರಸ್ವತಿಯರನ್ನು ಅಚ್ಚು ಹಾಕಿಸುತ್ತಾಳಂತೆ. "ಪರಂಪರೆ ಅಂದ್ರೆ ಸಾಕು ತಾತ, ಪಾಸ್ ಮಾಡ್ತಾರೆ" ಅಂದೆ ನೀನು. ಪಾಸೇನೋ ಮಾಡುತ್ತಾರೆ. ಆಮೇಲೆ ಜೀವನವಿಡೀ ಅಚ್ಚು ಹೊಡೆದುಕೊಂಡಿರುತ್ತೀಯ. ಚಿತ್ರವನ್ನು ಬಟ್ಟೆಯ ಮೇಲೆ ಅಂಟಿಸುವುದಕ್ಕೂ ಚಿತ್ರದೊಳಗಿನ ಬಟ್ಟೆಯನ್ನು ಈಚೆಗೆ ತೆಗೆಯುವುದಕ್ಕೂ ಅಜಗಜಾಂತರವಿದೆ. ಎರಡನೆಯದನ್ನು ಮಾಡಹೊರಟವಳು ನೀನು, ಮೊದಲನೆಯದಕ್ಕೆ ಇಳಿದರೆ ನಾನು ಒಪ್ಪುವವನಲ್ಲ.

ನಮ್ಮ ಚಿತ್ರಶಾಲೆಯಲ್ಲಿ ಒಂದು ಹಳೆಯ ಪ್ಲಾಸ್ಟರ್ ಗೊಂಬೆ ಇದ್ದದ್ದು ನಿನಗೆ ನೆನಪಿರಬೇಕು. ಯಾವುದೋ ಗ್ರೀಕ್ ಹೆಂಗಸಿನ ಪ್ರತಿ. ಹುಡುಗರು ಗ್ರೀಕ್ ಗೌರಮ್ಮ ಅನ್ನುತ್ತಿದ್ದರು. ಮೂವತ್ತೊಂದು ವರ್ಷ ನಾನು ನೆರಿಗೆಯ ಪಾಠ ಹೇಳಿದ್ದು ಅವಳ ಮುಂದೆಯೇ. ಅವಳು ಉಟ್ಟದ್ದೂ ನಮ್ಮ ಸೀರೆಯ ಹಾಗೇ ಕತ್ತರಿ ಕಾಣದ ಉದ್ದನೆಯ ಬಟ್ಟೆ. ಹೊಲಿಗೆ ಇಲ್ಲದ ಬಟ್ಟೆಗೆ ನೆರಿಗೆಯೇ ಒಡವೆ. ಪ್ರತಿಯೊಂದು ನೆರಿಗೆಗೂ ಒಂದು ತವರು ಇರುತ್ತದೆ, ಹೆಗಲೋ ಸೊಂಟವೋ ಮಂಡಿಯೋ, ಎಲ್ಲಿ ಬಟ್ಟೆಯನ್ನು ಹಿಡಿದಿದೆಯೋ ಅಲ್ಲಿಂದ ಹೊರಟು ಎಲ್ಲಿ ಬಿಟ್ಟಿದೆಯೋ ಅಲ್ಲಿಗೆ ಹೋಗುತ್ತದೆ, ಮೊದಲು ತವರು ಹುಡುಕಿ ಆಮೇಲೆ ಪೆನ್ಸಿಲ್ ಊರಿ ಅಂತ ನಾನು ಹೇಳುತ್ತಿದ್ದೆ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದಷ್ಟೇ ತಾನೆ ನಿಮ್ಮ ದೊಡ್ಡ ದೊಡ್ಡ ಫ್ಯಾಷನ್ ಮನೆಗಳ ಗುಟ್ಟೂ? ನಿನ್ನ ಗೌನ್ ಹುಟ್ಟಿದ್ದು ಆ ಪಾಠದಿಂದ. ಬಲಹೆಗಲಿನಿಂದ ಇಳಿದು ಎದೆಯನ್ನು ಓರೆಯಾಗಿ ದಾಟಿ ಎಡಸೊಂಟಕ್ಕೆ ಬರುವ ಒಂದೇ ಬಟ್ಟೆ. ಅದು ಬೀಳುವುದಿಲ್ಲವಂತೆ! ನೋಡೇಬಿಡೋಣ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ದೋಸೆ ಮುಗಿಸಿ, ನನ್ನ ದೊಡ್ಡ ಪಂಚೆ ತೆಗೆದುಕೊಂಡು, ನೀನು ಫೋನಿಗೆ ಕಳಿಸಿದ ಚಿತ್ರವನ್ನು ಎದುರಿಗಿಟ್ಟು, ಅಜ್ಜಿಯನ್ನು ವರಾಂಡದಲ್ಲಿ ನಿಲ್ಲಿಸಿದೆ. ಪಿನ್ನುಗಳು ನನ್ನ ಬಾಯಲ್ಲಿ. ಯೋಗ ಕಲಿಯಲು ಬಂದ ಇಬ್ಬರು ಬಿಳಿ ಹೆಂಗಸರು ಚಾಪೆ ಸುತ್ತಿಕೊಂಡು ಗೇಟಿನ ಹತ್ತಿರ ನಿಂತು ನೋಡತೊಡಗಿದರು. "ಮದ್ವೆಯಾಗಿ ನಲವತ್ಮೂರು ವರ್ಷದಲ್ಲಿ ಒಂದಿನ ಸೆರಗು ಸರಿ ಮಾಡ್ದೋರಲ್ಲ, ಇದೇನ್ರೀ ಈಗ" ಅಂತ ಅಜ್ಜಿ ಅಷ್ಟು ಹೊತ್ತೂ ಗೊಣಗಿದಳು. ಹೆಗಲಿನದು ಬಂತು, ಎದೆಯದು ಬಂತು. ಎಡತೊಡೆಯ ಮೇಲೆ ನೀನು ಬರೆದಿರುವ ಆ ನಾಲ್ಕು ನೆರಿಗೆ, ಮೇಲಕ್ಕೆ ಬಾಗಿ ನಿಲ್ಲುವಂಥವು, ಅವು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಪಿನ್ನು ಹಾಕಿದರೆ ಉಳಿದ ನೆರಿಗೆಗಳೆಲ್ಲ ಕೆಟ್ಟು ಬಟ್ಟೆ ಗೋಣಿಚೀಲದ ಹಾಗಾಗುತ್ತಿತ್ತು. ಪಂಚೆ ಸರಿಯಿಲ್ಲ ಅಂದೆ. ಹೊಸದಾಗಿ ಐದು ಮೀಟರ್ ಬಿಳಿ ಹತ್ತಿ ಬಟ್ಟೆ ತಂದೆ. ಅದಕ್ಕೆ ಗಂಜಿ ಜಾಸ್ತಿಯಾಗಿದೆ ಅಂತ ಮೂರು ಸಲ ಒಗೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದೇ ನನ್ನ ಪಾಡಾಯಿತು.

ನಿನ್ನೆ ಆಟೋ ಹಿಡಿದು ಅಜ್ಜಿಯೊಂದಿಗೆ ಉದಯಗಿರಿಗೆ ಹೋದೆ. ಅವಳ ರವಿಕೆ ಹೊಲಿಯುವ ವಾಣಿಯ ಅಂಗಡಿ ಅಲ್ಲಿದೆ. ಚಿತ್ರ ಓದಿದವಳಲ್ಲ, ಹದಿನೆಂಟು ವರ್ಷದಿಂದ ಬಟ್ಟೆ ಓದಿದವಳು. ನಿನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, "ಎಲ್ಲಾ ಸರಿಯಾಗದೆ ಸಾರ್, ಈ ಎಡಗಡೇದು ಮಾತ್ರ ಎಲ್ಲಿಂದ ಬಂತು? ಮೇಲೆ ಇಡ್ಕೊಳೋರೇ ಇಲ್ವಲ್ಲ" ಅಂದಳು. ನಾನು ವಾದ ಮಾಡಿದೆ. ಶಿಲ್ಪಶಾಸ್ತ್ರ, ಗ್ರೀಸು, ರೋಮು ಎಲ್ಲ ಎಳೆದುತಂದೆ. ಅವಳು ಕೇಳಿಸಿಕೊಳ್ಳುತ್ತಲೇ ಕೆಲಸ ಶುರುಮಾಡಿದಳು. ಬಟ್ಟೆಯನ್ನು ನೇರ ಎಳೆಯಲ್ಲಿ ಹಿಡಿಯದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದಳು. ಬಲಹೆಗಲಿಗೆ ಒಂದು ಪಿನ್ನು, ಎಡಸೊಂಟಕ್ಕೆ ಇನ್ನೊಂದು, ಅಷ್ಟೆ. "ಆ ನಾಲ್ಕನ್ನ ಬುಟ್ಬುಡಿ ಸಾರ್. ಬ್ಯಾಡದ್ದನ್ನ ಮಾಡ್ಸೋಕೋದ್ರೆ ಬಟ್ಟೆ ಮುನಿಸ್ಕೊಳುತ್ತೆ" ಅಂದಳು.

ಬಿಟ್ಟೆವು. ಪುಟ್ಟಿ, ಅದು ಬಿತ್ತು ಕಣೇ! ನೀನು ಬರೆದ ಹಾಗೇ ಬಿತ್ತು. ಎಡತೊಡೆಯ ಮೇಲೆ ಬಟ್ಟೆ ಸುಮ್ಮನೆ ನೇರ ಇಳಿದು ಪಾದದ ಹತ್ತಿರ ತಾನಾಗಿಯೇ ಬಿಚ್ಚಿಕೊಂಡಿತು. ಅಜ್ಜಿ ಆ ಇಕ್ಕಟ್ಟಿನ ಅಂಗಡಿಯಲ್ಲಿ ಎರಡು ಹೆಜ್ಜೆ ಇಟ್ಟು ತಿರುಗಿದಳು. ನೆರಿಗೆಗಳು ಅವಳ ಜೊತೆಗೇ ತಿರುಗಿದವು. ಅರವತ್ತೈದು ವರ್ಷದ ಹೆಂಗಸು, ಮಂಡಿಗೆ ಪಟ್ಟಿ ಕಟ್ಟಿಕೊಂಡವಳು, ಗೌನಿನಲ್ಲಿ ರಾಣಿಯ ಹಾಗೆ ನಿಂತಿದ್ದಳು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಆ ನಾಲ್ಕು ನೆರಿಗೆ ನಿನ್ನ ಚಿತ್ರಕ್ಕೆ ಎಲ್ಲಿಂದ ಬಂದವು ಅನ್ನುವ ಮಾತು ಈಗ ಬೇಡ.

ಆ ಬಟ್ಟೆಯನ್ನೇ ಕಳಿಸುತ್ತಿದ್ದೇನೆ. ಪಿನ್ನು ಹಾಕಿದ ಎರಡು ಜಾಗವನ್ನು ವಾಣಿ ಕೆಂಪು ದಾರದಲ್ಲಿ ಗುರುತು ಮಾಡಿದ್ದಾಳೆ. ಒಂದೇ ಬಣ್ಣದ ಕ್ರೇಪ್ ರೇಷ್ಮೆ ತೆಗೆದುಕೋ, ಸ್ವಲ್ಪ ತೂಕವಿರಲಿ. ಜರಿ ಬೇಡ, ಹೂ ಬೇಡ, ಲಕ್ಷ್ಮಿಯೂ ಬೇಡ, ದೇವರ ಮನೆಯಲ್ಲಿ ಅವಳು ಸುಖವಾಗಿದ್ದಾಳೆ. ಹನ್ನೆರಡು ದಿನ ಇದೆ, ಸಾಕು. ಮೇಡಂಗೆ ಎದುರು ಮಾತಾಡಬೇಡ. ಈ ಬಟ್ಟೆಯನ್ನು ಯಾರ ಮೈಮೇಲಾದರೂ ಹಾಕಿ ಎರಡು ಹೆಜ್ಜೆ ನಡೆಸಿ ತೋರಿಸು, ಉಳಿದದ್ದನ್ನು ಅದೇ ಹೇಳುತ್ತದೆ. ಅವರು ಆಗಲೂ ಬೇಡ ಅಂದರೆ ಬೇಡ ಅನ್ನಲಿ, ಫೇಲಾದರೂ ನಿನ್ನ ಗೌನಿನಲ್ಲೇ ಫೇಲಾಗು.

ಅಜ್ಜಿ ನಿನಗೆ ನೂರು ಮುತ್ತು ಹೇಳಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೋ ಅಂತಲೂ ಹೇಳಿದ್ದಾಳೆ. ವಾಣಿ ಫೋಟೋ ಕಳಿಸಲು ಹೇಳಿದಳು. ನಿನ್ನ ಕೈಗೆ ಬಲ ಬರಲಿ, ಎದೆಗೆ ಇನ್ನೂ ಹೆಚ್ಚಾಗಿ ಬರಲಿ.

ನಿನ್ನ ತಾತ,
ಗೋವಿಂದರಾಜು
ನಿವೃತ್ತ ಡ್ರಾಯಿಂಗ್ ಮೇಷ್ಟ್ರು

ವಿ.ಸೂ.: ಕೊರಿಯರ್ ಆಫೀಸಿನಲ್ಲಿ ನಿಂತು ಗೀಚುತ್ತಿದ್ದೇನೆ, ಪಾರ್ಸೆಲ್ ಮುಚ್ಚಲು ಅವಸರ ಮಾಡುತ್ತಿದ್ದಾರೆ. ಆ ನಾಲ್ಕು ನೆರಿಗೆ ಎಲ್ಲಿಂದ ಬಂದವು ಅಂತ ನನಗೆ ಗೊತ್ತು. ತೊಂಬತ್ತೊಂದರಲ್ಲಿ ಶಾಲೆಗೆ ಸುಣ್ಣ ಹೊಡೆಸುವಾಗ ನಮ್ಮ ಗ್ರೀಕ್ ಗೌರಮ್ಮ ಬಿದ್ದು ಎಡತೊಡೆ ಒಡೆಯಿತು. ಅಟೆಂಡರ್ ಮರಿಯಯ್ಯ ಪ್ಲಾಸ್ಟರ್ ಮೆತ್ತಿ ಚಮಚದ ಹಿಡಿಯಲ್ಲಿ ನಾಲ್ಕು ಗೀರು ಎಳೆದ. ಪಕ್ಕದಲ್ಲಿ ನಿಂತು "ಯಾರಿಗ್ ಗೊತ್ತಾಗುತ್ತೆ ಬುಡು" ಅಂದವನು ನಾನು. ಆಮೇಲೆ ಇಪ್ಪತ್ತನಾಲ್ಕು ವರ್ಷ, ನೆರಿಗೆಗೆ ತವರು ಇರಬೇಕು ಅನ್ನುತ್ತಲೇ, ಮಕ್ಕಳ ಕೈಯಲ್ಲಿ ಅದನ್ನೇ ಬರೆಸಿದೆ. ಗೊತ್ತಾದದ್ದು ಒಬ್ಬಳಿಗೆ. ನಿನಗಾಗ ಹನ್ನೊಂದು ವರ್ಷ, ಬೇಸಿಗೆ ರಜದಲ್ಲಿ ನನ್ನ ತರಗತಿಗೆ ಬಂದು ಕೂರುತ್ತಿದ್ದೆ. ಆ ನಾಲ್ಕನ್ನು ಬಿಟ್ಟು ಬರೆದಿದ್ದೆ. ಯಾಕೆ ಅಂದದ್ದಕ್ಕೆ "ಅವು ಎಲ್ಲಿಂದಾನೂ ಬಂದಿಲ್ಲ ತಾತ" ಅಂದೆ. ಎಲ್ಲರೆದುರು ಸ್ಕೇಲಿನಿಂದ ನಿನ್ನ ಬೆರಳ ಗೆಣ್ಣಿಗೆ ಹೊಡೆದು ಹತ್ತು ಸಲ ಬರೆಸಿದೆ. ಹತ್ತನೆಯ ಸಲ ತುಂಬ ಚೆನ್ನಾಗಿ ಬರೆದೆ. ನಿಮ್ಮ ಮೇಡಂ ನಿನ್ನ ಗೌನಿನಲ್ಲಿ ಕಂಡದ್ದು ಅದನ್ನೇ. ತಪ್ಪು ನನ್ನದು ಪುಟ್ಟಿ, ನಿನ್ನ ಕಣ್ಣು ಅವತ್ತೇ ಸರಿಯಿತ್ತು. ಪರೀಕ್ಷಕರು ಕೇಳಿದರೆ ಇದನ್ನು ಹೀಗೇ ಹೇಳು, ನನ್ನ ಹೆಸರು ಹಿಡಿದೇ ಹೇಳು.